ಮೊದಲ ಯೋಜನೆಯ ಹೊಣೆ: ಸೂಕ್ಷ್ಮಜೀವಿ ಜೀನೋಮ್ ಸಂಶೋಧನೆಯಲ್ಲಿ ಹೊಸಬರಿಗೆ ಬೇಕಾದ ಆಸರೆ



ಈ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ. ಸೂಕ್ಷ್ಮಜೀವಿ ವಿಜ್ಞಾನದ ಹೊಸ ಶೋಧಗಳನ್ನು ಕುರಿತು ಮಾತಾಡಬೇಕೆಂಬುದು ಸಂಘಟಕರ ಅಪೇಕ್ಷೆಯಾಗಿತ್ತು. ಶೋಧಗಳ ಬಗ್ಗೆ ಹೇಳುತ್ತೇನೆ. ಆದರೆ ಅವುಗಳ ಮೂಲಕ ಇನ್ನೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ಇಂಥ ಶೋಧ ಮಾಡಬಲ್ಲವರು ತಮ್ಮ ಮೊದಲ ಯೋಜನೆಯನ್ನು ಹೇಗೆ ಪಡೆಯುತ್ತಾರೆ? ಪಡೆದ ಮೇಲೆ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ?

ಪಿಎಚ್‌ಡಿ ಮುಗಿಸಿ, ಒಂದೆರಡು ಕಡೆ ಪೋಸ್ಟ್‌ಡಾಕ್ ಮಾಡಿ, ಕೊನೆಗೆ ಯಾವುದೋ ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಸೇರಿದ ಯುವ ವಿಜ್ಞಾನಿಯ ಹೆಸರಿನ ಜೊತೆ ಒಂದು ದಿನ ‘ಪ್ರಧಾನ ಸಂಶೋಧಕ’ ಎಂಬ ಪದ ಸೇರುತ್ತದೆ. ಅಲ್ಲಿಯವರೆಗೆ ಗೈಡ್ ಹೊತ್ತಿದ್ದ ಭಾರವೆಲ್ಲ ಅಂದಿನಿಂದ ಇವರ ಹೆಗಲಿಗೆ. ಪ್ರಶ್ನೆ ಯಾವುದೆಂದು ತೀರ್ಮಾನಿಸುವುದು, ಅರ್ಜಿ ಬರೆಯುವುದು, ಲೆಕ್ಕ ಒಪ್ಪಿಸುವುದು, ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧನಾ ಫೆಲೊಗೆ, ಕೆಲಸ ಕಲಿಸುವುದು, ಫಲಿತಾಂಶ ತಪ್ಪಾದರೆ ಉತ್ತರ ಹೇಳುವುದು ಎಲ್ಲವೂ ಅವರದೇ. ಈ ಹೊತ್ತಿನಲ್ಲಿ ಹಣ ಬೇಕೇ ಬೇಕು. ಆದರೆ ಪರಿಸರ ಮತ್ತು ಸೂಕ್ಷ್ಮಜೀವಿಗಳ ಜೀನೋಮ್ ವಿಜ್ಞಾನದಲ್ಲಿ ಬರೀ ಹಣ ಕೊಟ್ಟರೆ ಸಾಲದು. ಯಂತ್ರ, ಗಣಕ, ತಜ್ಞರು, ದತ್ತಾಂಶ ಇರುವ ದೊಡ್ಡ ಕೇಂದ್ರಗಳ ಬಾಗಿಲು ಹೊಸಬರಿಗೆ ಹೊಸಬರೆಂಬ ಕಾರಣಕ್ಕೇ ತೆರೆದಿರಬೇಕು. ನನ್ನ ಇಂದಿನ ಮಾತಿನ ಸಾರ ಇಷ್ಟೇ.

ತಟ್ಟೆಯಲ್ಲಿ ಬೆಳೆಯದ ಲೋಕ

ಒಂದು ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಣುವ ಜೀವಕೋಶಗಳೇ ಬೇರೆ, ಅದೇ ನೀರನ್ನು ಅಗಾರ್ ತಟ್ಟೆಯ ಮೇಲೆ ಹರಡಿದಾಗ ಏಳುವ ಕಾಲೊನಿಗಳೇ ಬೇರೆ. ಸಾಮಾನ್ಯವಾಗಿ ನೂರರಲ್ಲಿ ಒಂದು ಕೋಶ ಕೂಡ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಜೇಮ್ಸ್ ಸ್ಟೇಲಿ ಮತ್ತು ಅಲನ್ ಕೊನೊಪ್ಕಾ 1985ರ ತಮ್ಮ ವಿಮರ್ಶಾ ಲೇಖನದಲ್ಲಿ ಈ ವೈಪರೀತ್ಯದ ಕಡೆಗೆ ಎಲ್ಲರ ಗಮನ ಸೆಳೆದರು. ಅದೇ ದಶಕದಲ್ಲಿ ನಾರ್ಮನ್ ಪೇಸ್ ಮತ್ತು ಸಂಗಡಿಗರು ಜೀವಿಗಳನ್ನು ಬೆಳೆಸುವ ಗೋಜಿಗೇ ಹೋಗದೆ, ಪರಿಸರದಿಂದ ತಂದ ಮಾದರಿಯಿಂದಲೇ ರೈಬೋಸೋಮಿನ ಆರ್‌ಎನ್‌ಎಯ ಗುರುತುಗಳನ್ನು ಓದುವ ದಾರಿ ತೋರಿಸಿದರು. 1998ರಲ್ಲಿ ಜೋ ಹ್ಯಾಂಡಲ್ಸ್‌ಮನ್ ಮತ್ತು ಸಹೋದ್ಯೋಗಿಗಳು ಒಂದು ತಾಣದ ಮಣ್ಣಿನ ಸೂಕ್ಷ್ಮಜೀವಿಗಳೆಲ್ಲದರ ಡಿಎನ್‌ಎಯನ್ನು ಒಟ್ಟಾಗಿ ಪರಿಗಣಿಸುವ ‘ಮೆಟಾಜೀನೋಮ್’ ಎಂಬ ಕಲ್ಪನೆಯನ್ನು ಮುಂದಿಟ್ಟರು.

ಈ ಕಲ್ಪನೆ 2004ರಲ್ಲಿ ಕೈಗೂಡಿತು. ಉತ್ತರ ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಎಂಬಲ್ಲಿ ರಿಚ್‌ಮಂಡ್ ಎಂಬ ಹಳೆಯ ಗಣಿಯಿದೆ. ಅದರೊಳಗೆ ಜಿನುಗುವ ನೀರಿನ ಪಿಎಚ್ 1ಕ್ಕಿಂತಲೂ ಕಡಿಮೆ. ಆ ಘೋರ ಆಮ್ಲದ ಮೇಲೂ ಗುಲಾಬಿ ಬಣ್ಣದ ಜೀವಪೊರೆಯೊಂದು ತೇಲುತ್ತದೆ. ಜಿಲ್ ಬ್ಯಾನ್‌ಫೀಲ್ಡ್ ಅವರ ತಂಡ ಆ ಪೊರೆಯ ಸುಮಾರು 7.6 ಕೋಟಿ ಅಕ್ಷರಗಳಷ್ಟು ಡಿಎನ್‌ಎಯನ್ನು ಓದಿ, ಅದರಲ್ಲಿದ್ದ ಎರಡು ಜೀವಿಗಳ ಬಹುಪಾಲು ಪೂರ್ಣವಾದ ಜೀನೋಮ್‌ಗಳನ್ನು ಕಲ್ಚರ್ ಇಲ್ಲದೆಯೇ ಜೋಡಿಸಿತು. ಪ್ರಬಂಧದ ಮೊದಲ ಲೇಖಕ ಜೀನ್ ಟೈಸನ್ ಆಗಿನ್ನೂ ಪಿಎಚ್‌ಡಿ ವಿದ್ಯಾರ್ಥಿ. ಬ್ಯಾನ್‌ಫೀಲ್ಡ್ ಅವರ ಮೂಲ ಓದು ಭೂವಿಜ್ಞಾನದಲ್ಲಿ. ಖನಿಜಗಳನ್ನು ಬಲ್ಲವರು ಜೀನೋಮ್‌ಗಳ ಕ್ಷೇತ್ರಕ್ಕೆ ಕಾಲಿಟ್ಟು ಅದರ ದಿಕ್ಕನ್ನೇ ಬದಲಿಸಿದರು. ಅದು ಸಾಧ್ಯವಾದದ್ದರಲ್ಲಿ ಅವರ ಪ್ರತಿಭೆಯ ಪಾಲು ದೊಡ್ಡದು. ಅದರ ಜೊತೆಗೆ, ಆ ಡಿಎನ್‌ಎಯನ್ನು ಓದಿಕೊಡಲು ಸಾರ್ವಜನಿಕ ಹಣದಲ್ಲಿ ನಡೆಯುವ ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್ ಜೊತೆಗಿತ್ತು. ಆ ಸಂಸ್ಥೆಯ ಕಥೆಗೆ ಮುಂದೆ ಬರುತ್ತೇನೆ.

ಮೊದಲ ಯೋಜನೆ ಯಾಕೆ ಇಷ್ಟು ಕಷ್ಟ

‘ಈಗ ಡಿಎನ್‌ಎ ಓದುವ ಸೀಕ್ವೆನ್ಸಿಂಗ್ ಅಗ್ಗವಾಗಿದೆಯಲ್ಲ, ಹೊಸಬರಿಗೆ ಇನ್ನೇನು ತೊಂದರೆ?’ ಎಂದು ಕೇಳುವವರಿದ್ದಾರೆ. ಅಗ್ಗವಾಗಿರುವುದು ನಿಜ. ಅಮೆರಿಕದ ರಾಷ್ಟ್ರೀಯ ಮಾನವ ಜೀನೋಮ್ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ಮನುಷ್ಯನ ಜೀನೋಮಿನಷ್ಟು ಡಿಎನ್‌ಎ ಓದಲು 2001ರಲ್ಲಿ ಸುಮಾರು 9.5 ಕೋಟಿ ಡಾಲರ್ ಬೇಕಿತ್ತು. 2015ರ ಕೊನೆಗೆ ಅದು 1,500 ಡಾಲರಿಗಿಂತ ಕೆಳಗಿಳಿಯಿತು. ಆದರೆ ಓದುವ ಖರ್ಚು ಇಳಿದಂತೆ ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಹೊರೆ ಏರಿತು.

ಒಂದು ಮಣ್ಣಿನ ಮಾದರಿಯ ಹಾದಿಯನ್ನು ಗಮನಿಸಿ. ಹೊಲದಿಂದ ತೆಗೆದ ಕೂಡಲೇ ಅದನ್ನು ಡ್ರೈ ಐಸ್‌ನಲ್ಲೋ ದ್ರವ ಸಾರಜನಕದಲ್ಲೋ ತಣ್ಣಗಿಡದಿದ್ದರೆ ದಾರಿಯಲ್ಲೇ ಅದರೊಳಗಿನ ಸಮುದಾಯ ಬದಲಾಗಿಬಿಡುತ್ತದೆ. ಎರೆ ಮಣ್ಣಿನ ಜೇಡಿ ಡಿಎನ್‌ಎಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗೊಬ್ಬರ ತುಂಬಿದ ಮಣ್ಣಿನಲ್ಲಿರುವ ಹ್ಯೂಮಿಕ್ ಆಮ್ಲ ಡಿಎನ್‌ಎ ಜೊತೆಗೇ ಹೊರಬಂದು ಮುಂದಿನ ಕಿಣ್ವಗಳ ಕೆಲಸವನ್ನು ಕೆಡಿಸುತ್ತದೆ. ಡಿಎನ್‌ಎ ತೆಗೆಯುವ ಕಿಟ್‌ಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಸೇರಿಕೊಂಡಿರುತ್ತದೆಂದು 2014ರಲ್ಲಿ ಸೂಸಾನಾ ಸಾಲ್ಟರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆದ್ದರಿಂದ ಏನೂ ಹಾಕದ ಖಾಲಿ ಮಾದರಿಯನ್ನೂ ಜೊತೆಯಲ್ಲಿ ಓದಿಸಬೇಕು. ಇಷ್ಟೆಲ್ಲ ಆದಮೇಲೆ ಕೈಗೆ ಬರುವುದು ಕೋಟಿಗಟ್ಟಲೆ ತುಣುಕುಗಳು. ಅವನ್ನು ಜೋಡಿಸಬೇಕು, ಯಾವ ತುಣುಕು ಯಾವ ಜೀವಿಯದೆಂದು ಗುಂಪು ಮಾಡಬೇಕು, ಜೀನ್‌ಗಳನ್ನು ಗುರುತಿಸಬೇಕು. ಮಣ್ಣಿನಂಥ ದಟ್ಟ ಸಮುದಾಯವಾದರೆ ಈ ಕೆಲಸಕ್ಕೆ ನೂರಾರು ಗಿಗಾಬೈಟ್ ಮೆಮೊರಿ ಇರುವ ಗಣಕ ಬೇಕು, ಅದನ್ನು ನಡೆಸಬಲ್ಲವರೂ ಬೇಕು.

ಹೆಸರಾಂತ ಪ್ರಯೋಗಾಲಯಗಳಲ್ಲಿ ಇದರ ಒಂದೊಂದು ಹಂತಕ್ಕೂ ಪಳಗಿದ ಕೈ ಇರುತ್ತದೆ. ಜಿಲ್ಲಾ ಕೇಂದ್ರವೊಂದರ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕಿಗೆ ಇವೆಲ್ಲವೂ ತಾನೇ ಆಗಬೇಕಾದ ಪರಿಸ್ಥಿತಿ. ವಾರಕ್ಕೆ ಹದಿನಾರು ಗಂಟೆ ಪಾಠ, ಅದರ ಮೇಲೆ ಪರೀಕ್ಷೆ, ಮೌಲ್ಯಮಾಪನ, ಸಂಸ್ಥೆಯ ಮಾನ್ಯತೆಗಾಗಿ ನ್ಯಾಕ್ ಕಡತ. ಹಣ ಮಂಜೂರಾದರೂ ಅದರಲ್ಲಿ ಒಂದು ಯಂತ್ರ ಕೊಂಡರೆ ಅದನ್ನು ನಡೆಸಲು ರಾಸಾಯನಿಕಕ್ಕೆ ಹಣ ಉಳಿಯದು. ರಾಸಾಯನಿಕ ಕೊಂಡರೆ ಯಂತ್ರವಿಲ್ಲ.

ಮೊದಲ ಸೋಲಿನ ಪೆಟ್ಟು ಅಲ್ಲಿಗೇ ನಿಲ್ಲುವುದೂ ಇಲ್ಲ. ನೆದರ್‌ಲೆಂಡ್ಸ್‌ನ ಯುವ ಸಂಶೋಧಕರಿಗೆ ಕೊಡುವ ಅನುದಾನಗಳನ್ನು ಅಭ್ಯಾಸ ಮಾಡಿದ ಥೈಸ್ ಬೊಲ್ ಮತ್ತು ಸಂಗಡಿಗರು 2018ರಲ್ಲಿ ಒಂದು ಮುಖ್ಯ ವಿಷಯವನ್ನು ಪ್ರಕಟಿಸಿದರು. ಕಟ್ಟಂಚಿನಲ್ಲಿ ಆಯ್ಕೆಯಾದವರನ್ನೂ ಅದೇ ಅಂಚಿನಲ್ಲಿ ಕೂದಲೆಳೆಯಷ್ಟರಲ್ಲಿ ತಪ್ಪಿದವರನ್ನೂ ಅವರು ಹೋಲಿಸಿ ನೋಡಿದರು. ಅರ್ಹತೆಯ ಅಂಕಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಆದರೂ ಮುಂದಿನ ಎಂಟು ವರ್ಷಗಳಲ್ಲಿ ಗೆದ್ದವರಿಗೆ ಸಿಕ್ಕ ಸಂಶೋಧನಾ ಹಣ ಸೋತವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಸೋತವರು ಮತ್ತೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು ಇದಕ್ಕೊಂದು ಕಾರಣ. ಮೊದಲ ಬಾಗಿಲು ಮುಚ್ಚಿಕೊಂಡಾಗ ಒಳ್ಳೆಯ ವಿಜ್ಞಾನಿಯೊಬ್ಬರು ಮುಂದಿನ ಬಾಗಿಲು ತಟ್ಟುವುದನ್ನೇ ಬಿಡುತ್ತಾರೆ. ಇದು ಅವರೊಬ್ಬರ ದುಃಖವಾಗಿ ಉಳಿಯದೆ ವಿಜ್ಞಾನಕ್ಕೇ ಆಗುವ ನಷ್ಟವಾಗುತ್ತದೆ.

ಹೊಸಬರಿಗಾಗಿಯೇ ಒಂದು ಸಾಲು

ಇನ್ನು ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್ ವಿಷಯ. ಅಮೆರಿಕದ ಇಂಧನ ಇಲಾಖೆ ತನ್ನ ಲಾರೆನ್ಸ್ ಬರ್ಕ್ಲಿ, ಲಾರೆನ್ಸ್ ಲಿವರ್‌ಮೋರ್ ಮತ್ತು ಲಾಸ್ ಅಲಾಮೋಸ್ ಪ್ರಯೋಗಾಲಯಗಳ ಡಿಎನ್‌ಎ ಓದುವ ತಂಡಗಳನ್ನು 1997ರಲ್ಲಿ ಒಗ್ಗೂಡಿಸಿ ಕಟ್ಟಿದ ಸಂಸ್ಥೆ ಇದು. ಮಾನವ ಜೀನೋಮ್ ಯೋಜನೆಯಲ್ಲಿ 5, 16 ಮತ್ತು 19ನೇ ಕ್ರೋಮೋಸೋಮ್‌ಗಳು ಇದರ ಪಾಲಿಗೆ ಬಂದಿದ್ದವು. ಆ ಕೆಲಸ ಮುಗಿದಾಗ ಅಷ್ಟೊಂದು ಯಂತ್ರಗಳನ್ನೂ ನುರಿತ ಜನರನ್ನೂ ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಅದಕ್ಕೆ ಅವರು ಕಂಡುಕೊಂಡ ಉತ್ತರ ನನಗೆ ಬಹಳ ಮೆಚ್ಚುಗೆಯಾದದ್ದು. 2004ರಿಂದ ಅದನ್ನು ಹೊರಗಿನ ವಿಜ್ಞಾನಿಗಳ ಬಳಕೆಗೆ ತೆರೆದರು. ಇಂಧನ, ಇಂಗಾಲ ಮತ್ತು ಸಾರಜನಕದ ಚಕ್ರ, ಮಣ್ಣು, ನೀರು, ಸಸ್ಯ, ಶಿಲೀಂಧ್ರ, ಸೂಕ್ಷ್ಮಜೀವಿ ಇವು ಅದರ ಕ್ಷೇತ್ರ. ಮನುಷ್ಯನ ಕಾಯಿಲೆಗಳ ಸಂಶೋಧನೆ ಅದರ ವ್ಯಾಪ್ತಿಯಲ್ಲಿಲ್ಲ.

ಅಲ್ಲಿನ ಪದ್ಧತಿ ಸರಳ. ಸಂಶೋಧಕರು ಪ್ರಸ್ತಾವ ಬರೆಯುತ್ತಾರೆ, ಆ ವಿಷಯ ಬಲ್ಲ ವಿಜ್ಞಾನಿಗಳು ಅದನ್ನು ಪರಿಶೀಲಿಸುತ್ತಾರೆ. ಆಯ್ಕೆಯಾದವರ ಕೈಗೆ ಹಣ ಬರುವುದಿಲ್ಲ. ಅದರ ಬದಲು ಅವರ ಮಾದರಿಗಳ ಡಿಎನ್‌ಎ ಓದಿಕೊಡುವುದು, ಜೋಡಿಸಿ ಜೀನ್ ಗುರುತಿಸಿ ಕೊಡುವುದು, ಕೆಲವು ಯೋಜನೆಗಳಿಗೆ ಜೀನ್‌ಗಳನ್ನೇ ತಯಾರಿಸಿ ಕೊಡುವುದು ಎಲ್ಲವೂ ಉಚಿತ. ಪ್ರತಿ ಯೋಜನೆಗೂ ಅಲ್ಲಿನ ಒಬ್ಬ ಯೋಜನಾ ವ್ಯವಸ್ಥಾಪಕರು ಜೊತೆಯಾಗುತ್ತಾರೆ. ಬಂದ ಡಿಎನ್‌ಎ ಸಾಕಷ್ಟು ಶುದ್ಧವಾಗಿದೆಯೇ, ಪ್ರಮಾಣ ಸಾಕೇ ಎಂದು ಮೊದಲೇ ಪರೀಕ್ಷೆಯಾಗುತ್ತದೆ. ಬದಲಿಗೆ ಅವರು ಕೇಳುವುದು ಒಂದನ್ನೇ: ದತ್ತಾಂಶ ಸಾರ್ವಜನಿಕವಾಗಬೇಕು.

ಇದರೊಳಗೆ ಹೊಸ ಸಂಶೋಧಕರಿಗೆಂದೇ ಬೇರೆ ಕರೆಯೊಂದಿದೆ. ಈ ಸಂಸ್ಥೆಯಲ್ಲಿ ಹಿಂದೆ ಪ್ರಧಾನ ಸಂಶೋಧಕರಾಗಿ ಯೋಜನೆ ಪಡೆಯದವರು ಮಾತ್ರ ಅದಕ್ಕೆ ಅರ್ಜಿ ಹಾಕಬಹುದು. ಯೋಜನೆಯ ಗಾತ್ರ ಸಣ್ಣದು. ಹಾಗಾಗಿ ಹೊಸಬರು ಇಪ್ಪತ್ತು ವರ್ಷ ಪಳಗಿದವರ ಜೊತೆ ಸ್ಪರ್ಧಿಸಬೇಕಾಗಿಲ್ಲ, ಅವರ ಸ್ಪರ್ಧೆ ತಮ್ಮಂಥ ಹೊಸಬರ ಜೊತೆ. ಸಣ್ಣ ಯೋಜನೆ ಕೈತಪ್ಪಿದರೆ ಸಂಸ್ಥೆಗೆ ಆಗುವ ನಷ್ಟ ಅಲ್ಪ, ಕೈಹಿಡಿದರೆ ಅದೇ ದೊಡ್ಡ ಯೋಜನೆಗೆ ಬೇಕಾದ ಪ್ರಾಥಮಿಕ ಫಲಿತಾಂಶ. ದೊಡ್ಡ ಅನುದಾನಗಳೆಲ್ಲ ಮೊದಲು ಕೇಳುವುದು ಈ ಪ್ರಾಥಮಿಕ ಫಲಿತಾಂಶವನ್ನೇ. ಅದಿಲ್ಲದೆ ಅನುದಾನವಿಲ್ಲ, ಅನುದಾನವಿಲ್ಲದೆ ಅದು ಹುಟ್ಟುವುದಿಲ್ಲ. ಈ ಸುಳಿಯಿಂದ ಹೊಸಬರನ್ನು ಮೇಲೆತ್ತಲು ಇದಕ್ಕಿಂತ ಕಡಿಮೆ ಖರ್ಚಿನ ಉಪಾಯ ನನಗೆ ಕಾಣದು.

ಸಣ್ಣ ಯೋಜನೆಗಳು ಒಟ್ಟಾದರೆ ಏನಾಗುತ್ತದೆಂಬುದಕ್ಕೂ ಅಲ್ಲಿಯೇ ಸಾಕ್ಷಿಯಿದೆ. ಎಲ್ಲ ಖಂಡಗಳ ಮತ್ತು ಸಾಗರಗಳ ಹತ್ತು ಸಾವಿರಕ್ಕೂ ಹೆಚ್ಚು ಮಾದರಿಗಳ ಮೆಟಾಜೀನೋಮ್‌ಗಳನ್ನು ಸೇರಿಸಿ 2020ರಲ್ಲಿ ಈ ಸಂಸ್ಥೆಯ ನೇತೃತ್ವದಲ್ಲಿ ಒಂದು ಸೂಚಿ ಪ್ರಕಟವಾಯಿತು. ಅದರಲ್ಲಿ 52,515 ಜೀನೋಮ್‌ಗಳಿವೆ. ಹೊಸ ಪ್ರಭೇದಗಳೆಂದು ಪರಿಗಣಿಸಬಹುದಾದವೇ 12,000ಕ್ಕೂ ಹೆಚ್ಚು. ಅದರ ಹಿಂದೆ ಇನ್ನೂರಕ್ಕೂ ಮಿಕ್ಕಿದ ವಿಜ್ಞಾನಿಗಳಿದ್ದಾರೆ. ಒಬ್ಬರು ಕೆರೆಯ ಕೆಸರು ತಂದರು, ಇನ್ನೊಬ್ಬರು ಬಿಸಿನೀರ ಬುಗ್ಗೆಯ ಪಾಚಿ ತಂದರು. ಯಾವ ಒಂದು ಪ್ರಯೋಗಾಲಯವೂ ಒಂಟಿಯಾಗಿ ಇಷ್ಟು ತಾಣಗಳನ್ನು ಮುಟ್ಟಲಾರದು.

ಕರಗದ ಮೂಲಧನ

ದತ್ತಾಂಶ ಸಾರ್ವಜನಿಕವಾಗಬೇಕೆಂಬ ಷರತ್ತು ಹೊಸಬರಿಗೆ ಹೊರೆಯಾಗುತ್ತದೆ ಎನ್ನುವವರಿದ್ದಾರೆ. ನಾವು ಬರೆಯುವ ಮೊದಲೇ ಬೇರೆಯವರು ಬರೆದುಬಿಟ್ಟರೆ ಎಂಬ ಭಯ ಸಹಜ. ಆ ಭಯಕ್ಕೆ ನ್ಯಾಯವಾದ ಕಾಲಾವಕಾಶವೇ ಉತ್ತರ. ಮುಚ್ಚಿಡುವುದರಿಂದ ಹೊಸಬರಿಗೇ ಹೆಚ್ಚು ನಷ್ಟ. ಇದನ್ನು ಎರಡು ಉದಾಹರಣೆಗಳಿಂದ ಹೇಳುತ್ತೇನೆ.

ಥಾಮಸ್ ಬ್ರಾಕ್ ಮತ್ತು ಆಗ ಪದವಿ ವಿದ್ಯಾರ್ಥಿಯಾಗಿದ್ದ ಹಡ್ಸನ್ ಫ್ರೀಜ್ 1966ರಲ್ಲಿ ಯೆಲ್ಲೊಸ್ಟೋನಿನ ಬಿಸಿನೀರ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾವನ್ನು ತಂದು ಬೆಳೆಸಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು ಪ್ರಕಟಿಸಿದರು, ಕಲ್ಚರನ್ನು ಅಮೆರಿಕದ ಸಾರ್ವಜನಿಕ ಕಲ್ಚರ್ ಸಂಗ್ರಹಕ್ಕೆ ಕೊಟ್ಟರು. 1976ರಲ್ಲಿ ಆಲಿಸ್ ಚಿಯೆನ್ ಮತ್ತು ಸಂಗಡಿಗರು ಅದರಿಂದ ಬಿಸಿ ತಾಳುವ ಡಿಎನ್‌ಎ ಪಾಲಿಮರೇಸ್ ಕಿಣ್ವವನ್ನು ಬೇರ್ಪಡಿಸಿದರು. 1980ರ ದಶಕದ ಕೊನೆಗೆ ಅದೇ ಕಿಣ್ವ, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ತಂತ್ರವನ್ನು ಲೋಕದ ಎಲ್ಲ ಪ್ರಯೋಗಾಲಯಗಳಿಗೂ ತಲುಪಿಸಿತು. ಕೋವಿಡ್ ಪರೀಕ್ಷೆಗಾಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಈ ಪಿಸಿಆರ್‌ನ ಹೆಸರು ಕೇಳಿದ್ದಾರೆ.

ಎರಡನೆಯದು ಸ್ಪೇನಿನದು. ಆಲಿಕಾಂತೆ ಹತ್ತಿರದ ಸಾಂತಾ ಪೋಲಾ ಉಪ್ಪಿನಾಗರದ ಸೂಕ್ಷ್ಮಜೀವಿಯೊಂದರಲ್ಲಿ ಮತ್ತೆ ಮತ್ತೆ ಬರುವ ವಿಚಿತ್ರ ಡಿಎನ್‌ಎ ಸಾಲುಗಳನ್ನು ಫ್ರಾನ್ಸಿಸ್ಕೊ ಮೊಹಿಕಾ ಪಿಎಚ್‌ಡಿ ಮಾಡುವಾಗಲೇ ಗಮನಿಸಿ 1993ರಲ್ಲಿ ಪ್ರಕಟಿಸಿದರು. 1997ರಲ್ಲಿ ಆಲಿಕಾಂತೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಕೈಯಲ್ಲಿ ಹಣವಿಲ್ಲ, ಸಜ್ಜಾದ ಪ್ರಯೋಗಾಲಯವಿಲ್ಲ. ಆಗ ಅವರ ನೆರವಿಗೆ ಬಂದದ್ದು ಒಂದು ಗಣಕ ಮತ್ತು ಎಲ್ಲರಿಗೂ ತೆರೆದಿದ್ದ ಡಿಎನ್‌ಎ ಭಂಡಾರ. ಆ ಸಾಲುಗಳ ನಡುವಿನ ತುಣುಕುಗಳು ವೈರಸ್‌ಗಳ ಡಿಎನ್‌ಎಗೆ ಹೊಂದುತ್ತವೆಂದು 2003ರಲ್ಲಿ ಅವರು ಕಂಡರು. ಇದು ಬ್ಯಾಕ್ಟೀರಿಯಾಗಳ ರೋಗನಿರೋಧಕ ವ್ಯವಸ್ಥೆ ಎಂದು ಅವರಿಗೆ ಹೊಳೆಯಿತು. ಒಂದಾದ ಮೇಲೊಂದು ಪತ್ರಿಕೆ ತಿರಸ್ಕರಿಸಿದ ಆ ಪ್ರಬಂಧ ಕೊನೆಗೆ 2005ರಲ್ಲಿ ಹೊರಬಂತು. ಕ್ರಿಸ್ಪರ್ ಎಂದು ಇಂದು ಲೋಕಕ್ಕೆಲ್ಲ ಪರಿಚಿತವಾದದ್ದು ಇದೇ. ಅದರಿಂದ ಬೆಳೆದ ಜೀನ್ ತಿದ್ದುವ ತಂತ್ರಕ್ಕೆ 2020ರ ರಸಾಯನಶಾಸ್ತ್ರದ ನೊಬೆಲ್ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ ಸಂದಿತು.

ಸಾರ್ವಜನಿಕ ಭಂಡಾರ ದತ್ತಿನಿಧಿಯಿದ್ದ ಹಾಗೆ. ಇಟ್ಟವರು ಯಾರೋ, ಫಲ ಉಣ್ಣುವವರು ಯಾರೋ, ಮೂಲಧನ ಮಾತ್ರ ಕರಗುವುದಿಲ್ಲ. ಮೊಹಿಕಾ ಅವರಿಗೆ ಆ ಭಂಡಾರ ತುಂಬಿಸಿದವರ ಪರಿಚಯವಿರಲಿಲ್ಲ, ಫ್ರೀಜ್ ಅವರಿಗೆ ಪಿಸಿಆರ್‌ನ ಕನಸೂ ಇರಲಿಲ್ಲ. ಹೆಚ್ಚು ಹಣವಿಲ್ಲದ ಸಂಶೋಧಕರಿಗೆ ಇಂಥ ಭಂಡಾರಕ್ಕಿಂತ ದೊಡ್ಡ ಅನುದಾನ ಬೇರೆ ಇಲ್ಲ.

ನಮ್ಮಲ್ಲಿ ಇರುವುದು, ಇಲ್ಲದಿರುವುದು

ಹೊಸಬರಿಗೆ ನಮ್ಮ ದೇಶದಲ್ಲಿ ಏನೂ ಇಲ್ಲವೆಂದರೆ ತಪ್ಪಾಗುತ್ತದೆ. ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೊಶಿಪ್ ಐದು ವರ್ಷ ಕೈಹಿಡಿಯುತ್ತದೆ. ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಕೊಡುತ್ತಿದ್ದ ಸ್ಟಾರ್ಟ್‌ಅಪ್ ರಿಸರ್ಚ್ ಗ್ರಾಂಟ್ ಎರಡು ವರ್ಷಕ್ಕೆ 30 ಲಕ್ಷ ರೂಪಾಯಿವರೆಗೆ ನೆರವಾಗುತ್ತಿತ್ತು. 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಈಗ ಆ ಜಾಗದಲ್ಲಿದ್ದು, 2024ರಲ್ಲಿ ಆರಂಭಿಕ ಹಂತದ ಸಂಶೋಧಕರಿಗೆಂದೇ ಪ್ರಧಾನಮಂತ್ರಿಗಳ ಹೆಸರಿನ ಅನುದಾನವನ್ನು ಶುರುಮಾಡಿದೆ. ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್ ಯುವ ವಿಜ್ಞಾನಿಗಳಿಗೆ ಬೀಜಧನದ ಯೋಜನೆ ನಡೆಸಿದೆ. ಬೆಂಗಳೂರಿನಲ್ಲಿ 2009ರಲ್ಲಿ ಹುಟ್ಟಿದ ಸಿ-ಕ್ಯಾಂಪ್ ಸಂಸ್ಥೆ ಸೀಕ್ವೆನ್ಸಿಂಗ್ ಸೇವೆ ಕೊಡುತ್ತದೆ. ದೇಶದ ಸಂಶೋಧನಾ ಉಪಕರಣಗಳನ್ನು ಹಂಚಿಕೊಳ್ಳಲು 2020ರಲ್ಲಿ ಐ-ಸ್ಟೆಮ್ ಜಾಲತಾಣ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಗಣಕ ಕೆಲಸ ಮಾಡುತ್ತಿದೆ. ಅದೇ ವರ್ಷ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಉದ್ಘಾಟನೆಯಾಯಿತು. 2009ರಿಂದ ನಡೆಯುತ್ತಿರುವ ಯುವ ಸಂಶೋಧಕರ ಸಮಾವೇಶ ಜೀವವಿಜ್ಞಾನದ ಹೊಸ ಪ್ರಧಾನ ಸಂಶೋಧಕರನ್ನು ಹಿರಿಯರೊಡನೆ ಕೂರಿಸಿ ಮಾತಾಡಿಸುತ್ತ ಬಂದಿದೆ.

ಆದರೆ ಹಣ ಒಂದು ಕಡೆ, ಯಂತ್ರ ಇನ್ನೊಂದು ಕಡೆ, ಗಣಕ ಮತ್ತೊಂದು ಕಡೆ. ಇವನ್ನೆಲ್ಲ ಹುಡುಕಿ, ಬಿಡಿಬಿಡಿಯಾಗಿ ಅರ್ಜಿ ಹಾಕಿ, ಕೋಟೇಶನ್ ತರಿಸಿ, ಬಿಲ್ಲು ಪಾಸು ಮಾಡಿಸಿ ಜೋಡಿಸುವ ಕೆಲಸ ಹೊಸ ಸಂಶೋಧಕರ ತಲೆಯ ಮೇಲಿದೆ. ಒಂದೇ ಅರ್ಜಿಗೆ ಈ ಎಲ್ಲವೂ ಒಟ್ಟಾಗಿ ಸಿಗುವ ಜಾಗ ನಮಗೆ ಬೇಕು.

ಹೊರದೇಶದ ಕೇಂದ್ರಗಳನ್ನೇ ನಂಬಿಕೊಂಡರಾಗದೇ ಎಂದು ಕೇಳಬಹುದು. ಆದರೆ ನಮ್ಮ ಮಣ್ಣಿನ ಸೂಕ್ಷ್ಮಜೀವಿಗಳು 2002ರ ಜೀವವೈವಿಧ್ಯ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಹೊರಗೆ ಕಳಿಸುವುದಕ್ಕೆ ಕಾನೂನಿನ ನಿಯಮಗಳಿವೆ, ಇರಲೇಬೇಕು. ಆದ್ದರಿಂದ ನಮ್ಮ ಮಾದರಿಗಳನ್ನು ಇಲ್ಲೇ ಓದುವ ವ್ಯವಸ್ಥೆಯೇ ಸರಿಯಾದ ದಾರಿ.

ನಮ್ಮ ಪ್ರಶ್ನೆಗಳು ಕೂಡ ಇಲ್ಲಿಯವೇ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತದ ಬೇರಿನ ಸುತ್ತ ಯಾವ ಬ್ಯಾಕ್ಟೀರಿಯಾಗಳಿವೆ? ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳಾದ ಭೂಮಿಯನ್ನು ಸುಧಾರಿಸಿದಾಗ ಮಣ್ಣಿನ ಜೀವಸಮುದಾಯ ಯಾವ ಕ್ರಮದಲ್ಲಿ ಮರಳಿ ಬರುತ್ತದೆ? ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಲ್ಲಿ ಮೀಥೇನ್ ಹುಟ್ಟಿಸುವವು ಯಾವುವು, ಅದನ್ನು ತಿನ್ನುವವು ಯಾವುವು? ಬೆಂಗಳೂರಿನ ಕೊಳಚೆ ಹರಿಯುವ ಕೆರೆಗಳಲ್ಲಿ ಔಷಧ ನಿರೋಧಕ ಜೀನ್‌ಗಳು ಒಂದು ಜೀವಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತವೆ? ಇವನ್ನು ಕೇಳಬಲ್ಲವರು ಆ ನೆಲದಲ್ಲಿ ಓಡಾಡಿದವರು, ಗಜನಿಗೆ ಯಾವಾಗ ಉಪ್ಪುನೀರು ನುಗ್ಗುತ್ತದೆಂದು ರೈತರಿಂದ ಕೇಳಿ ತಿಳಿದವರು. ಅವರು ಕುಮಟಾದಲ್ಲೋ ರಾಯಚೂರಿನಲ್ಲೋ ಧಾರವಾಡದಲ್ಲೋ ಪಾಠ ಮಾಡುತ್ತಿರುವ ಯುವ ಅಧ್ಯಾಪಕರೇ ಆಗಿರುವ ಸಾಧ್ಯತೆ ಹೆಚ್ಚು.

ಮಾಡಬಹುದಾದದ್ದು

ನನ್ನ ಸಲಹೆಗಳು ನಾಲ್ಕು.

ಮೊದಲನೆಯದು, ನಮ್ಮ ರಾಜ್ಯದ ಸೀಕ್ವೆನ್ಸಿಂಗ್ ಕೇಂದ್ರಗಳಲ್ಲಿ ಪ್ರತಿ ವರ್ಷ ಒಂದಷ್ಟು ಪಾಲನ್ನು ಮೊದಲ ಬಾರಿಯ ಪ್ರಧಾನ ಸಂಶೋಧಕರಿಗೆಂದು ಮೀಸಲಿಡಬೇಕು. ಖರ್ಚನ್ನು ಸರ್ಕಾರ ನೇರವಾಗಿ ಕೇಂದ್ರಕ್ಕೇ ಕೊಡಲಿ. ಸಂಶೋಧಕರು ಮಾದರಿ ತಂದುಕೊಟ್ಟು ದತ್ತಾಂಶ ಒಯ್ಯುವಂತಾಗಲಿ.

ಎರಡನೆಯದು, ಸೀಕ್ವೆನ್ಸಿಂಗ್ ಮಂಜೂರಾದ ದಿನವೇ ಗಣಕದ ಸಮಯವೂ, ಬಯೋಇನ್‌ಫರ್ಮ್ಯಾಟಿಕ್ಸ್ ಬಲ್ಲ ಒಬ್ಬ ಒಡನಾಡಿಯೂ ಮಂಜೂರಾಗಬೇಕು. ಮಾದರಿ ತೆಗೆಯುವ ಮೊದಲೇ ಇಬ್ಬರೂ ಕೂತು ಎಷ್ಟು ಮಾದರಿ, ಎಷ್ಟು ಪುನರಾವರ್ತನೆ, ಎಷ್ಟು ಖಾಲಿ ಮಾದರಿ ಎಂದು ತೀರ್ಮಾನಿಸಲಿ. ಈ ಒಂದು ಮಾತುಕತೆ ನಡೆಯದಿದ್ದರೆ ಎರಡು ವರ್ಷದ ಕೆಲಸ ನೀರುಪಾಲಾಗುತ್ತದೆ.

ಮೂರನೆಯದು, ಆಯ್ಕೆಯಾಗದವರಿಗೂ ಪರಿಶೀಲಕರ ಅಭಿಪ್ರಾಯ ಪೂರ್ಣವಾಗಿ ತಲುಪಬೇಕು, ತಿದ್ದಿ ಮತ್ತೆ ಸಲ್ಲಿಸುವ ಅವಕಾಶ ಅದೇ ಪತ್ರದಲ್ಲಿ ಇರಬೇಕು. ಕೂದಲೆಳೆಯಲ್ಲಿ ತಪ್ಪಿದವರನ್ನು ನಾವೇ ಕರೆದು ಬರೆಸಬೇಕು.

ನಾಲ್ಕನೆಯದು ನಮ್ಮಂಥ ಹಿರಿಯರಿಗೆ. ಕಿರಿಯರ ಮೊದಲ ಯೋಜನೆಗೆ ನಮ್ಮ ಪ್ರಯೋಗಾಲಯದ ಮೇಜು ಬಿಟ್ಟುಕೊಡೋಣ, ಅರ್ಜಿಯ ಕರಡು ಓದಿ ಕೊಡೋಣ, ಮೈನಸ್ 80ರ ಫ್ರೀಜರಿನಲ್ಲಿ ಒಂದು ಅರೆ ಕೊಡೋಣ. ಆದರೆ ಪ್ರಬಂಧದಲ್ಲಿ ನಮ್ಮ ಹೆಸರು ಕೇಳದಿರೋಣ. ಮೊದಲ ಯೋಜನೆಯ ಯಶಸ್ಸು ಪೂರ್ತಿ ಅವರದೇ ಆದಾಗ ಮಾತ್ರ ಎರಡನೆಯ ಯೋಜನೆಗೆ ಅವರು ಸ್ವಂತ ಹೆಸರಿನ ಬಲದಿಂದ ಹೋಗಬಲ್ಲರು.

ಇಲ್ಲಿ ಕೂತಿರುವ ಯುವ ಮಿತ್ರರಿಗೆ ನನ್ನ ಮಾತು ಇಷ್ಟು. ಅರ್ಜಿಗೆ ಕರೆ ಹೊರಡುವವರೆಗೆ ಕಾಯಬೇಡಿ. ನಿಮ್ಮ ಊರಿನ ಒಂದು ತಾಣವನ್ನು ಆರಿಸಿಕೊಳ್ಳಿ, ಅಲ್ಲಿನ ಒಂದೇ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆಯಿರಿ. ಪ್ರತಿ ಮಾದರಿಯ ದಿನಾಂಕ, ಜಾಗ, ಆಳ, ಉಷ್ಣಾಂಶ, ಪಿಎಚ್ ತಪ್ಪದೆ ದಾಖಲಿಸಿ. ಡಿಎನ್‌ಎಯನ್ನು ನಾಳೆ ಯಾವ ಯಂತ್ರ ಬೇಕಾದರೂ ಓದಬಹುದು, ಆದರೆ ಇಂದಿನ ಆ ತಾಣದ ವಿವರವನ್ನು ನೀವಲ್ಲದೆ ಇನ್ನಾರೂ ಬರೆಯಲಾರರು. ಸಾರ್ವಜನಿಕ ಭಂಡಾರದಲ್ಲಿರುವ ದತ್ತಾಂಶವನ್ನು ತೆಗೆದು ಓದಲು ಇವತ್ತೇ ಕಲಿಯಿರಿ, ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.

ಆಡಳಿತದ ಸ್ಥಾನದಲ್ಲಿರುವವರಿಗೆ ನನ್ನ ಕೋರಿಕೆ ಇನ್ನೂ ಚಿಕ್ಕದು. ಈ ವಿಶ್ವವಿದ್ಯಾಲಯ ತನ್ನ ಮುಂದಿನ ಆಯವ್ಯಯದಲ್ಲಿ ಹೊಸ ಅಧ್ಯಾಪಕರ ಕೆಲವೇ ಕೆಲವು ಮಾದರಿಗಳನ್ನು ಓದಿಸುವ ಖರ್ಚನ್ನು ಇಡಲಿ, ಅವರ ಮೊದಲ ಎರಡು ವರ್ಷ ಪಾಠದ ಹೊರೆಯನ್ನು ಕೊಂಚ ಇಳಿಸಲಿ. ಇವೆರಡಕ್ಕೂ ಹೊಸ ಕಟ್ಟಡ ಬೇಡ, ಹೊಸ ಕಾಯ್ದೆ ಬೇಡ, ಸಿಂಡಿಕೇಟಿನ ಒಂದು ನಿರ್ಣಯ ಸಾಕು. ಆ ನಿರ್ಣಯವನ್ನು ಈ ವರ್ಷವೇ ಕೈಗೊಳ್ಳಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.